ಲಿವರ್‌ಪೂಲಿನವರು ಮುಟ್ಟದ ಪತ್ರಿಕೆ

2017ರಲ್ಲಿ ಸಲಾಹ್ ಲಿವರ್‌ಪೂಲ್ ಸೇರಿದ ಮೇಲೆ ನಮ್ಮ ಎಷ್ಟೋ ಮನೆಯಂಗಳದಲ್ಲಿ ಆ ಕೆಂಪು ಜೆರ್ಸಿ ಒಣಗ್ತಾ ಇದೆ. ಯಾರು ಬರ್ತಾರೆ, ಯಾರು ಹೋಗ್ತಾರೆ ಎಂಬ ಗಾಳಿಸುದ್ದಿಯನ್ನು ನಮ್ಮ ಹುಡುಗರು ಮಧ್ಯರಾತ್ರಿವರೆಗೂ ಫಾರ್ವರ್ಡ್ ಮಾಡ್ತಾರೆ. ಆದರೆ ಆ ಊರಿನ ಅಭಿಮಾನಿಗಳು ಒಂದು ಪತ್ರಿಕೆಯನ್ನು ಮಾತ್ರ ಮುಟ್ಟುವುದಿಲ್ಲ.

1989ರ ಏಪ್ರಿಲ್ 15. ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಎಫ್‌ಎ ಕಪ್ ಸೆಮಿಫೈನಲ್. ಗ್ಯಾಲರಿಯ ಇಕ್ಕಟ್ಟಿನಲ್ಲಿ ಸಿಕ್ಕಿ ನಜ್ಜುಗುಜ್ಜಾಗಿ 97 ಲಿವರ್‌ಪೂಲ್ ಅಭಿಮಾನಿಗಳ ಜೀವ ಹೋಯಿತು. ಕೊನೆಯವರು ತೀರಿಕೊಂಡದ್ದು 32 ವರ್ಷಗಳ ನಂತರ, 2021ರಲ್ಲಿ. ದುರಂತವಾಗಿ ನಾಲ್ಕೇ ದಿನಕ್ಕೆ 'ದಿ ಸನ್' ಪತ್ರಿಕೆ 'ಸತ್ಯ' ಎಂಬ ದಪ್ಪ ತಲೆಬರಹ ಹಾಕಿ, ಅಭಿಮಾನಿಗಳೇ ಸತ್ತವರ ಜೇಬಿಗೆ ಕೈ ಹಾಕಿದರು ಎಂದು ಬರೆಯಿತು. ಮಕ್ಕಳನ್ನು ಇನ್ನೂ ಮಣ್ಣು ಮಾಡದ ಮನೆಯವರು ಅದನ್ನು ಓದಬೇಕಾಯ್ತು!

ಜನ ಪತ್ರಿಕೆಯನ್ನು ಬೀದಿಯಲ್ಲೇ ಸುಟ್ಟರು. ಅನೇಕ ಅಂಗಡಿಯವರು ಅದನ್ನು ಇಡುವುದನ್ನೇ ಬಿಟ್ಟರು, ವ್ಯಾಪಾರ ಹೋದರೆ ಹೋಗಲಿ ಅಂತ. ಮುಖಪುಟದಲ್ಲಿ ಕ್ಷಮೆ ಬಂದದ್ದು 2012ರಲ್ಲಿ. ತಪ್ಪು ಅಭಿಮಾನಿಗಳದ್ದಲ್ಲ ಎಂದು ಜ್ಯೂರಿ ಹೇಳಿದ್ದು 2016ರಲ್ಲಿ. ಮರುವರ್ಷ ಕ್ಲಬ್ ಆ ಪತ್ರಿಕೆಯ ವರದಿಗಾರರಿಗೆ ಆನ್‌ಫೀಲ್ಡಿನ ಬಾಗಿಲು ಮುಚ್ಚಿತು. ಆಗ ಹುಟ್ಟಿಯೇ ಇರದ ಹುಡುಗರೂ ಅಲ್ಲಿ ಇವತ್ತು ಅದನ್ನು ಕೊಳ್ಳುವುದಿಲ್ಲ.