ಕ್ರೀಮು ಯಾರಿಗೆ?

"ಮಾರಿ ಮ್ಯಾಲ ಗುಳ್ಳಿ ಆಗ್ಯಾವ್ರಿ, ಏನರ ಹಚ್ಚಾಕ ಕೊಡ್ರಿ."

ರಾಯಚೂರು ಜಿಲ್ಲೆಯ ಮಾನ್ವಿಯಾಗಲಿ, ದೇವದುರ್ಗವಾಗಲಿ, ಮೆಡಿಕಲ್ ಅಂಗಡಿಯ ಮುಂದೆ ನಿಂತು ಹೀಗೆ ಕೇಳಿದರೆ ಟ್ಯೂಬೊಂದು ಕೈಗೆ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಕೇಳಿದವನು ಗಂಡನೋ ಮೈದುನನೋ ಇರಬಹುದು. ಮೊಡವೆ ಎದ್ದಿರುವುದು ಮನೆಯಲ್ಲಿರುವ ಐದು ತಿಂಗಳ ಬಸುರಿಯ ಮುಖದ ಮೇಲೆ. ಯಾರಿಗೆ ಎಂದು ಅಂಗಡಿಯವನು ಕೇಳುವುದಿಲ್ಲ, ಇವನೂ ಹೇಳುವುದಿಲ್ಲ. ಮೊಡವೆ ಎಷ್ಟೇ ದೊಡ್ಡದಾಗಲಿ, ಎಷ್ಟೇ ನೋಯಲಿ, ಹೊಟ್ಟೆಯೊಳಗಿನ ಕೂಸಿಗೆ ಅದರಿಂದ ಏನೂ ಆಗದು. ಆಗುವುದಿದ್ದರೆ ಆ ಟ್ಯೂಬಿನಿಂದ, ಇಲ್ಲವೆ ಅದರ ಜೊತೆ ಕಾಗದದಲ್ಲಿ ಸುತ್ತಿಕೊಟ್ಟ ಗುಳಿಗೆಯಿಂದ.

ಬಸುರಿನಲ್ಲಿ ಮೊಡವೆ ಏಳುವುದು ಹೊಸದೇನಲ್ಲ. ಚರ್ಮದಡಿಯ ಎಣ್ಣೆಗ್ರಂಥಿಗಳು ಹಾರ್ಮೋನುಗಳ ಮಾತು ಕೇಳುತ್ತವೆ. ಬಸುರಿನಲ್ಲಿ ಆ ಹಾರ್ಮೋನುಗಳು ಏರುತ್ತಿದ್ದಂತೆ ಎಣ್ಣೆ ಹೆಚ್ಚು ಸುರಿಯುತ್ತದೆ, ಸತ್ತ ಚರ್ಮಕೋಶಗಳು ರೋಮಕೂಪದ ಬಾಯಿಗೆ ಬೆಣೆಯಂತೆ ಸಿಕ್ಕಿಕೊಳ್ಳುತ್ತವೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಉರಿಯೂತ ಶುರುವಾಗುತ್ತದೆ. ಕೆಲವರಿಗೆ ಮೊದಲ ಮೂರು ತಿಂಗಳಲ್ಲೇ ಕಾಣಿಸುತ್ತದೆ, ಕೆಲವರಿಗೆ ಕೊನೆಯ ಮೂರು ತಿಂಗಳಲ್ಲಿ ಜೋರಾಗುತ್ತದೆ. ಮೊದಲಿನಿಂದ ಇದ್ದ ಮೊಡವೆ ಬಸುರಾದ ಮೇಲೆ ಮಾಯವಾದವರೂ ಇದ್ದಾರೆ. ತೀವ್ರ ಸ್ವರೂಪದ್ದೆಂದರೆ ಬರೀ ಕಪ್ಪು ಚುಕ್ಕೆ, ಸಣ್ಣ ಗುಳ್ಳೆಯ ಮಾತಲ್ಲ. ದವಡೆ, ಕತ್ತು, ಎದೆ, ಬೆನ್ನಿನ ಮೇಲೆ ಒಳಗೊಳಗೇ ಗಂಟುಕಟ್ಟಿ, ಕೀವು ತುಂಬಿ, ಮಗ್ಗುಲು ಹೊರಳಿದರೂ ನೋಯುವ, ಮಾಗಿದ ಮೇಲೆ ಗುಳಿ ಉಳಿಸುವ ಮೊಡವೆ ಅದು.

ಇದಕ್ಕೆ ರಾಯಚೂರಿನ ಬಿಸಿಲೂ ಸೇರಿಕೊಳ್ಳುತ್ತದೆ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಮಾಮೂಲು. ಹತ್ತಿ ಹೊಲದಲ್ಲಿ ಕಳೆ ತೆಗೆಯುವ, ಮೆಣಸಿನಕಾಯಿ ಬಿಡಿಸುವ ಹೆಂಗಸರು ತಲೆ, ಕತ್ತು, ಕೆನ್ನೆ ಮುಚ್ಚುವಂತೆ ಬಟ್ಟೆ ಸುತ್ತಿಕೊಂಡಿರುತ್ತಾರೆ. ಬೆವರು, ಧೂಳು, ತಲೆಯಿಂದ ಹಣೆಗಿಳಿದ ಎಣ್ಣೆ, ಬಟ್ಟೆಯ ಉಜ್ಜಾಟ ಎಲ್ಲ ಸೇರಿದರೆ ಇದ್ದ ಮೊಡವೆ ಕೆರಳುತ್ತದೆ. ಇದರ ನಡುವೆ ಬೆವರುಸಾಲೆಯನ್ನೂ, ಶಿಲೀಂಧ್ರದಿಂದ ಎದೆ ಬೆನ್ನಿನ ಮೇಲೆ ಏಳುವ ತುರಿಕೆಯ ಸಣ್ಣ ಗುಳ್ಳೆಗಳನ್ನೂ ಮೊಡವೆಯೆಂದೇ ತಿಳಿದು ಮೊಡವೆಯ ಔಷಧಿ ಹಚ್ಚುವುದುಂಟು. ಅವು ಬೇರೆ, ಅವುಗಳ ಮದ್ದೂ ಬೇರೆ.

ಊರಿನ ವಿವರಣೆಗಳು ಬೇರೆಯೇ ಇರುತ್ತವೆ. ಮೈ ಕಾವಾಗಿದೆ, ಮಿರ್ಚಿ ಭಜಿ ಹೆಚ್ಚಾಯಿತು, ಹೊಟ್ಟೆಯಲ್ಲಿರುವುದು ಹೆಣ್ಣುಕೂಸು, ಅದು ತಾಯಿಯ ಚೆಲುವು ಕದಿಯುತ್ತಿದೆ ಎಂಬಂಥ ಮಾತುಗಳು. ಸ್ಕ್ಯಾನಿಂಗಿನಲ್ಲಿ ಹೆಣ್ಣೋ ಗಂಡೋ ಎಂದು ನೋಡಿ ಹೇಳುವುದನ್ನು 1994ರ ಕಾಯ್ದೆ ನಿಷೇಧಿಸಿತು, ಮುಖ ನೋಡಿ ಹೇಳುವವರನ್ನು ಯಾವ ಕಾಯ್ದೆ ತಡೆದೀತು! ಮೊಡವೆಗೂ ಕೂಸಿನ ಲಿಂಗಕ್ಕೂ ಸಂಬಂಧವಿಲ್ಲ. ಭಜಿಯ ಎಣ್ಣೆ ಸೋರಿ ಕೆನ್ನೆಗೆ ಬರುವುದೂ ಇಲ್ಲ. ಸಿಹಿತಿಂಡಿ, ಮೈದಾದಂಥ ಬೇಗ ಸಕ್ಕರೆ ಏರಿಸುವ ಆಹಾರ ಹೆಚ್ಚಾದರೆ ಕೆಲವರಿಗೆ ಮೊಡವೆ ಹೆಚ್ಚುತ್ತದೆ ಎನ್ನುವುದಕ್ಕೆ ಸ್ವಲ್ಪ ಆಧಾರವಿದೆ. ಜೋಳದ ರೊಟ್ಟಿ ಪುಂಡಿಪಲ್ಯ ಉಣ್ಣುವವಳಿಗೆ ಆ ಚಿಂತೆ ಬೇಡ.

ಕಾವಿನ ಮಾತು ಮಾತ್ರ ನಕ್ಕು ಬಿಡುವಂಥದ್ದಲ್ಲ. ಅದು ನೇರ ಹೋಗಿ ಬೀಳುವುದು ಕೆಂಪು ಗುಳಿಗೆಯ ಮೇಲೆ. ಬಸುರಿಯರಿಗೆ ಸರ್ಕಾರ ಕೊಡುವ ಕಬ್ಬಿಣಾಂಶದ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ನುಂಗಬೇಕು. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ, ಅದರ ಜೊತೆ ಮುಖದಲ್ಲಿ ಗುಳ್ಳೆಯೂ ಎದ್ದರೆ ಅಪವಾದ ಈ ಗುಳಿಗೆಯ ತಲೆಗೆ ಬರುತ್ತದೆ. 2017ರಲ್ಲಿ ರಾಜ್ಯವೆಲ್ಲ ಜಾರಿಯಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟದ ಜೊತೆಗೇ ಈ ಗುಳಿಗೆ ಕೊಡುವ ಏರ್ಪಾಟಾಯಿತು. ಆ ಯೋಜನೆಯನ್ನು ಮೊದಲು ಪ್ರಯೋಗಿಸಿ ನೋಡಿದ ನಾಲ್ಕು ತಾಲ್ಲೂಕುಗಳಲ್ಲಿ ಮಾನ್ವಿಯೂ ಒಂದು. ಮೊಡವೆಯ ಹೆಸರಿನಲ್ಲಿ ಈ ಗುಳಿಗೆ ಬಿಟ್ಟವಳು ಹೆರಿಗೆಯ ಹೊತ್ತಿಗೆ ರಕ್ತಹೀನತೆಯಿಂದ ಬಳಲಬಹುದು, ಮೊಡವೆ ಇದ್ದಲ್ಲೇ ಇರುತ್ತದೆ.

ಇನ್ನು ಬಿಡಲೇಬೇಕಾದ ಗುಳಿಗೆಗಳ ಮಾತು. ಮೊದಲನೆಯದು ಐಸೊಟ್ರೆಟಿನಾಯಿನ್. ಎ ಜೀವಸತ್ವದ ಕುಲಕ್ಕೆ ಸೇರಿದ ಈ ಔಷಧಿಗೆ 1982ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಗಂಟುಮೊಡವೆಗೆ ಇದರಷ್ಟು ಬಲವಾದ ಮದ್ದು ಇನ್ನೊಂದಿಲ್ಲ. ಆದರೆ 1985ರಲ್ಲಿ ಅಲ್ಲಿನ ವೈದ್ಯರು, ಹೊಟ್ಟೆಯಲ್ಲಿ ಕೂಸಿದ್ದಾಗ ಈ ಗುಳಿಗೆ ನುಂಗಿದ್ದ 154 ಪ್ರಕರಣಗಳ ಲೆಕ್ಕ ಪ್ರಕಟಿಸಿದರು. 95 ಜನ ಗರ್ಭ ತೆಗೆಸಿಕೊಂಡಿದ್ದರು, 12 ತಾನಾಗಿ ಇಳಿದಿದ್ದವು. ಹುಟ್ಟಿದ ಉಳಿದ ಕೂಸುಗಳಲ್ಲಿ 21ಕ್ಕೆ ಕಿವಿ, ಹೃದಯ, ಮಿದುಳಿನಂಥ ಅಂಗಗಳಲ್ಲಿ ದೊಡ್ಡ ದೋಷಗಳಿದ್ದವು, 26 ಕೂಸುಗಳಲ್ಲಿ ಅಂಥ ದೋಷ ಕಾಣಲಿಲ್ಲ. ಅಮೆರಿಕದಲ್ಲಿ 2006ರಿಂದ ಇದನ್ನು ತೆಗೆದುಕೊಳ್ಳುವವರ ನೋಂದಣಿ ಕಡ್ಡಾಯ, ಗರ್ಭ ಕಟ್ಟಬಲ್ಲ ಹೆಣ್ಣುಮಕ್ಕಳಿಗೆ ತಿಂಗಳು ತಿಂಗಳೂ ಗರ್ಭಪರೀಕ್ಷೆ. ನಮ್ಮಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂಬ ನಿಯಮವಿದೆ. ನಿಯಮ ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬುದು ಓದುಗರಿಗೇ ಗೊತ್ತು.

ಈ ಭಾಗದಲ್ಲಿ ಎಚ್ಚರ ಶುರುವಾಗಬೇಕಾದದ್ದು ಬಸುರಿಗಿಂತ ಮೊದಲು, ಮದುವೆಯ ಹೊತ್ತಿನಲ್ಲಿ. ನಿಶ್ಚಯವಾದ ಹುಡುಗಿಯ ಮೊಡವೆ ಅಕ್ಷತೆಯೊಳಗೆ ಮಾಯವಾಗಬೇಕೆಂದು ರಾಯಚೂರಿಗೋ ಬಳ್ಳಾರಿಗೋ ಕರೆದೊಯ್ದು ತೋರಿಸುತ್ತಾರೆ, ಗುಳಿಗೆ ಶುರುವಾಗುತ್ತದೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ತೊಟ್ಟಿಲ ಮಾತು ಎತ್ತುವ ಮನೆಗಳು ಇಲ್ಲಿ ಕಡಿಮೆಯಲ್ಲ. ಐಸೊಟ್ರೆಟಿನಾಯಿನ್ ನಿಲ್ಲಿಸಿ ಒಂದು ತಿಂಗಳಾದರೂ ಕಳೆಯದೆ ಗರ್ಭ ನಿಲ್ಲಬಾರದು. ಸೋರಿಯಾಸಿಸ್‌ಗೆ ಕೊಡುವ ಅದೇ ಕುಲದ ಅಸಿಟ್ರೆಟಿನ್‌ಗಾದರೆ ಈ ಅವಧಿ ಮೂರು ವರ್ಷ. ವೈದ್ಯರು ಹೇಳಿಯೇ ಇರುತ್ತಾರೆ, ಆದರೆ ಹೇಳುವುದು ಜೊತೆಗೆ ಬಂದ ಅಪ್ಪನಿಗೆ. ಆ ಮಾತು ಗಂಡನ ಮನೆಯವರೆಗೆ ಹೋಗುವುದು ಅಪರೂಪ.

ಗೊತ್ತಿಲ್ಲದೆ ನುಂಗಿದ್ದರೆ? ಅಂದೇ ನಿಲ್ಲಿಸಿ, ಗುಳಿಗೆಯ ಪಟ್ಟಿಯನ್ನು ಕೈಯಲ್ಲೇ ಹಿಡಿದು ಹೆರಿಗೆ ವೈದ್ಯರ ಬಳಿ ಹೋಗಬೇಕು. ಮೇಲಿನ ಲೆಕ್ಕದಲ್ಲೇ ಕಂಡಂತೆ ಎಲ್ಲ ಕೂಸುಗಳಿಗೂ ದೋಷ ಬರುವುದಿಲ್ಲ. 18ರಿಂದ 20 ವಾರಗಳ ನಡುವಿನ ಸ್ಕ್ಯಾನಿಂಗಿನಲ್ಲಿ ಹಲವು ದೋಷಗಳು ತಿಳಿಯುತ್ತವೆ. ಗಂಭೀರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ಹೇಳಿದರೆ 24 ವಾರ ದಾಟಿದ ಮೇಲೂ ಗರ್ಭಪಾತಕ್ಕೆ ಆ ಕಾಯ್ದೆಯ 2021ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಊರಲ್ಲೇ ಯಾರಿಂದಲೋ ಗುಳಿಗೆ ತಂದು ಗುಟ್ಟಾಗಿ ಇಳಿಸಿಕೊಳ್ಳುವುದು ಜೀವಕ್ಕೇ ಸಂಚಕಾರ.

ಬಿಡಬೇಕಾದ ಗುಳಿಗೆಗಳಲ್ಲಿ ಮುಂದಿನವು ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್. ಇವು ನಾಲ್ಕನೇ ತಿಂಗಳ ಮೇಲೆ ಕೂಸಿನ ಹಲ್ಲಿನ ಬಣ್ಣ ಕೆಡಿಸಬಹುದು, ಎಲುಬಿನ ಬೆಳವಣಿಗೆಗೂ ಅಡ್ಡಿ ಮಾಡಬಹುದು. ಅದಕ್ಕೇ ಬಸುರಿಯರಿಗೆ ಬರೆಯುವುದಿಲ್ಲ. ಅಂಡಾಶಯದ ತೊಂದರೆಯಾದ ಪಿಸಿಓಡಿಯ ಮೊಡವೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಗಂಡು ಕೂಸಿನ ಜನನಾಂಗದ ಬೆಳವಣಿಗೆಯನ್ನು ಏರುಪೇರು ಮಾಡಬಲ್ಲದು. ಹಚ್ಚುವ ಮುಲಾಮುಗಳಲ್ಲಿ ಟ್ರೆಟಿನಾಯಿನ್, ಅಡಾಪಲಿನ್, ಟಜರೊಟಿನ್ ಮೂರನ್ನೂ ಬದಿಗಿಡಬೇಕು.

ಇವೆಲ್ಲಕ್ಕಿಂತ ಸುಲಭವಾಗಿ ಸಿಗುವ ಕಾಟ ಸ್ಟೀರಾಯ್ಡ್ ಕ್ರೀಮಿನದು. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಬೆರೆಸಿದ ಟ್ಯೂಬುಗಳು ಕಜ್ಜಿಗೂ ಗಜಕರ್ಣಕ್ಕೂ ಮೊಡವೆಗೂ ಮುಖ ಬೆಳ್ಳಗಾಗಲಿಕ್ಕೂ ಒಂದೇ ಎಂಬಂತೆ ಮಾರಾಟವಾಗುತ್ತವೆ. ನಾಲ್ಕು ದಿನ ಹಚ್ಚಿದರೆ ಕೆಂಪು ಇಳಿದು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ರಕ್ತನಾಳ ಕಂಡು, ಬಿಟ್ಟ ಕೂಡಲೇ ಮೊದಲಿಗಿಂತ ಹೆಚ್ಚು ಗುಳ್ಳೆ ಏಳುತ್ತವೆ. ದೇಶದ 12 ಕಡೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆಗೆ ಬಂದ 2926 ರೋಗಿಗಳ ಪೈಕಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ದುಷ್ಪರಿಣಾಮ ಮೊಡವೆಯೇ! 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳಿಗೆ ಚೀಟಿ ಕಡ್ಡಾಯ ಮಾಡಿತು. ಬಸುರಿನಲ್ಲಿ ಪ್ರಬಲ ಸ್ಟೀರಾಯ್ಡ್ ಮುಲಾಮನ್ನು ಒಟ್ಟು 300 ಗ್ರಾಂಗಿಂತ ಹೆಚ್ಚು ಬಳಸಿದವರ ಕೂಸುಗಳಲ್ಲಿ ಕಡಿಮೆ ತೂಕ ಕಂಡುಬಂದಿದೆ. ಮುಖದ ಬಂಗಿಗೆಂದು ಕೊಡುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಜೊತೆ ಟ್ರೆಟಿನಾಯಿನ್, ಹೈಡ್ರೊಕ್ವಿನೋನ್ ಎರಡೂ ಇರುತ್ತವೆ. ಬಸುರಿಗೆ ಇವೂ ಆಗವು.

ಹೆಸರೂ ವಿಳಾಸವೂ ಇಲ್ಲದ ಬಿಳುಪಿನ ಕ್ರೀಮುಗಳಲ್ಲಿ ಪಾದರಸವಿರುವುದುಂಟು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಒಂದೇ ಬಗೆಯ ಮೂತ್ರಪಿಂಡದ ಕಾಯಿಲೆಯೊಂದಿಗೆ ಬಂದ 15 ಜನರಲ್ಲಿ 13 ಮಂದಿ ಇಂಥ ಕ್ರೀಮು ಬಳಸಿದ್ದು ತಿಳಿದುಬಂತು. ಪಾದರಸ ಮಾಸುಚೀಲವನ್ನು ದಾಟಿ ಕೂಸನ್ನು ಮುಟ್ಟುತ್ತದೆ.

ಹಾಗಾದರೆ ಬಸುರಿ ಏನು ಹಚ್ಚಬೇಕು? ಪಟ್ಟಿ ಸಣ್ಣದು, ಆದರೆ ಕೈಬಿಡುವಂಥದ್ದಲ್ಲ. ಅಜಿಲಾಯಿಕ್ ಆಮ್ಲದ ಮುಲಾಮು ಮೊಡವೆಗೂ ಅದು ಉಳಿಸುವ ಕಪ್ಪು ಕಲೆಗೂ ಆಗುತ್ತದೆ. ಬೆಂಜಾಯ್ಲ್ ಪೆರಾಕ್ಸೈಡ್ ಮೈಗೆ ಸೇರುವುದು ಬಲು ಕಡಿಮೆ, ಸೇರಿದ್ದೂ ಬೇಗ ಹೊರಹೋಗುತ್ತದೆ. ಒಂದೇ ತಕರಾರೆಂದರೆ ಅದು ಬಟ್ಟೆಯ ಬಣ್ಣ ತಿನ್ನುತ್ತದೆ, ಹಚ್ಚಿಕೊಂಡ ಮುಖವನ್ನು ಇಳಕಲ್ ಸೀರೆಯ ಸೆರಗಿನಿಂದ ಒರೆಸಿದರೆ ಸೆರಗು ಹೋಯಿತೆಂದೇ ಲೆಕ್ಕ. ಕ್ಲಿಂಡಾಮೈಸಿನ್ ಜೆಲ್ಲನ್ನು ಒಂಟಿಯಾಗಿ ಹಚ್ಚುವುದಕ್ಕಿಂತ ಬೆಂಜಾಯ್ಲ್ ಪೆರಾಕ್ಸೈಡಿನ ಜೊತೆ ಹಚ್ಚುವುದು ಲೇಸು. ಮುಖವನ್ನು ದಿನಕ್ಕೆರಡು ಸಲ ಸೌಮ್ಯ ಸಾಬೂನಿನಿಂದ ತೊಳೆದರೆ ಸಾಕು. ಅರಿಶಿನದಿಂದ ಸಾಮಾನ್ಯವಾಗಿ ಹಾನಿಯಿಲ್ಲ, ಆದರೆ ನಿಂಬೆರಸ, ಟೂತ್‌ಪೇಸ್ಟು, ಸುಣ್ಣ ಚರ್ಮ ಸುಡುತ್ತವೆ. ಯಾವ ಮುಲಾಮೇ ಆಗಲಿ ಗುಣ ತೋರಿಸಲು ಆರರಿಂದ ಎಂಟು ವಾರ ಬೇಕು. ಸ್ಟೀರಾಯ್ಡಿನ ನಾಲ್ಕು ದಿನದ ಹೊಳಪು ನೋಡಿದವರಿಗೆ ಇಷ್ಟು ತಾಳ್ಮೆ ಕಷ್ಟ.

ಗಂಟುಕಟ್ಟಿದ ಮೊಡವೆಗೆ ಮುಲಾಮು ಸಾಲದು. ಆಗ ವೈದ್ಯರು ಅಜಿತ್ರೊಮೈಸಿನ್, ಎರಿತ್ರೊಮೈಸಿನ್, ಸೆಫಲೆಕ್ಸಿನ್‌ನಂಥ ಪ್ರತಿಜೀವಕಗಳನ್ನು ಕೆಲವೇ ವಾರಗಳ ಮಟ್ಟಿಗೆ ಬರೆಯಬಹುದು. ಎರಿತ್ರೊಮೈಸಿನ್‌ನಲ್ಲಿಯೂ ಎಸ್ಟೊಲೇಟ್ ರೂಪ ಬಸುರಿಯ ಪಿತ್ತಜನಕಾಂಗಕ್ಕೆ ಆಗದು. ಒಂದೆರಡು ದೊಡ್ಡ ಗಂಟುಗಳಿಗೆ ಅಲ್ಲಲ್ಲೇ ಸೂಜಿಮದ್ದು ಕೊಡುವುದುಂಟು. ತೀರಾ ಕೆಟ್ಟ ಸ್ಥಿತಿಯಲ್ಲಿ, ಮೂರು ತಿಂಗಳು ದಾಟಿದ ಮೇಲೆ, ಹೆರಿಗೆ ವೈದ್ಯರೂ ಚರ್ಮವೈದ್ಯರೂ ಮಾತಾಡಿಕೊಂಡು ಪ್ರೆಡ್ನಿಸೊಲೋನ್ ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ದಿನ ಕೊಡುತ್ತಾರೆ. ಮುಖಕ್ಕೆ ಹಚ್ಚಬೇಡಿ ಎಂದ ಸ್ಟೀರಾಯ್ಡನ್ನೇ ಹೊಟ್ಟೆಗೆ ಕೊಡುವುದು ವಿಚಿತ್ರವಾಗಿ ಕಾಣಬಹುದು. ಆದರೆ ಅಲ್ಲಿ ಅಳತೆಯಿದೆ, ಅವಧಿಯಿದೆ, ಸಕ್ಕರೆ ಮತ್ತು ರಕ್ತದೊತ್ತಡದ ಮೇಲೆ ಕಣ್ಣಿರುತ್ತದೆ.

ಮೊಡವೆಯಲ್ಲದ ಕೆಲವು ಲಕ್ಷಣಗಳು ಕಂಡರೆ ಕಾಯಬಾರದು. ಕೊನೆಯ ತಿಂಗಳುಗಳಲ್ಲಿ ಗುಳ್ಳೆಯೇ ಇಲ್ಲದೆ ಅಂಗೈ ಅಂಗಾಲು ರಾತ್ರಿಯೆಲ್ಲ ತುರಿಸಿದರೆ ಅದು ಪಿತ್ತರಸದ ತೊಂದರೆ ಇರಬಹುದು, ಕೂಸಿಗೆ ಅಪಾಯ. ಮೊಡವೆಯ ಜೊತೆ ಮೀಸೆ ಗಡ್ಡದ ಕೂದಲು ಬೆಳೆದು ದನಿ ಗಡಸಾಗುತ್ತಿದ್ದರೆ ಅಂಡಾಶಯವನ್ನು ತಪಾಸಣೆ ಮಾಡಿಸಬೇಕು. ಜ್ವರದ ಜೊತೆ ಕೀವುಗುಳ್ಳೆ ಮೈತುಂಬ ಹರಡಿದರೆ ಆಸ್ಪತ್ರೆಗೇ ಹೋಗಬೇಕು.

ಆಸ್ಪತ್ರೆಯೆಂದರೆ ಯಾವುದು? ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ದೇವದುರ್ಗ ಅದರಲ್ಲಿತ್ತು. ಅಂಥ ಊರಲ್ಲಿ ಹೆರಿಗೆ ವೈದ್ಯರು ಸಿಗುವಷ್ಟು ಸಲೀಸಾಗಿ ಚರ್ಮವೈದ್ಯರು ಸಿಗುವುದಿಲ್ಲ. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇದೆ, ಆದರೆ ತುಂಬು ಬಸುರಿಗೆ ಮೊಡವೆಗೆಂದು ಅಷ್ಟು ದೂರ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಾ ಎನ್ನುವುದು ಸುಲಭವಲ್ಲ. ಹಾಗಾಗಿ ಹೇಗೂ ಹೋಗುವ ದಿನವನ್ನೇ ಬಳಸಿಕೊಳ್ಳಬೇಕು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಂದು ತಾಯಿ ಕಾರ್ಡಿನ ಜೊತೆ ಮನೆಯಲ್ಲಿರುವ ಕ್ರೀಮು, ಗುಳಿಗೆ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಬೇಕು. ದುಡಿಯಲು ಬೆಂಗಳೂರಿಗೆ ಹೋಗಿ ಬಂದವರ ಚೀಲದಲ್ಲಿ ಅಲ್ಲಿನ ಟ್ಯೂಬುಗಳೂ ಇರುತ್ತವೆ. ಇ-ಸಂಜೀವಿನಿಯಲ್ಲಿ ಸಮೀಪದ ಆರೋಗ್ಯ ಕೇಂದ್ರದಿಂದಲೇ ವೈದ್ಯರನ್ನು ವಿಡಿಯೊದಲ್ಲಿ ಕಾಣಬಹುದು, ದುಡ್ಡಿಲ್ಲ. ಮನೆಗೆ ಬರುವ ಆಶಾ ಕಾರ್ಯಕರ್ತೆ ಬಿಪಿ, ತೂಕದ ಜೊತೆ "ಮಾರಿಗೆ ಏನ್ ಹಚ್ಚಾಕತ್ತೀಯವ್ವಾ?" ಎಂದು ಒಂದು ಮಾತು ಕೇಳಿದರೆ ಎಷ್ಟೋ ಟ್ಯೂಬುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಕೇಳುವ ದನಿ ಮಾತ್ರ ಮೆತ್ತಗಿರಬೇಕು. ಏಳನೇ ತಿಂಗಳ ಕುಬಸಕ್ಕೆ ಹಸಿರು ಸೀರೆ ಉಟ್ಟು, ಬಳೆ ತೊಟ್ಟು ಕೂತವಳಿಗೆ ಬಂದವರೆಲ್ಲ ಮೊದಲು ಹೇಳುವುದು ಮುಖದ ಬಗ್ಗೆಯೇ ಆದರೆ ಅವಳು ಫೋಟೊಗೆ ತಲೆ ಎತ್ತುವುದಿಲ್ಲ. ನಿದ್ದೆ, ಊಟ ಬಿಟ್ಟು ಒಳಗೊಳಗೇ ಕೊರಗುವವರೂ ಇರುತ್ತಾರೆ. ಅದನ್ನೂ ವೈದ್ಯರಿಗೆ ಹೇಳಬೇಕು, ಅದಕ್ಕೂ ಚಿಕಿತ್ಸೆಯಿದೆ.

ಹೆರಿಗೆಯಾದ ಮೇಲೆ ಹಾರ್ಮೋನು ಇಳಿದು ಬಹಳ ಜನರ ಮೊಡವೆ ತಾನಾಗಿ ಕುಗ್ಗುತ್ತದೆ, ಎಲ್ಲರದ್ದಲ್ಲ. ಹಾಲೂಡಿಸುವಾಗಲೂ ಅಜಿಲಾಯಿಕ್ ಆಮ್ಲ, ಬೆಂಜಾಯ್ಲ್ ಪೆರಾಕ್ಸೈಡ್ ಮುಂದುವರಿಸಬಹುದು, ಕೂಸಿನ ಬಾಯಿ ತಾಗುವಲ್ಲಿ ಹಚ್ಚದಿದ್ದರಾಯಿತು. ಐಸೊಟ್ರೆಟಿನಾಯಿನ್ ಆಗಲೂ ಬೇಡ. ಮಾಗಿದ ಗುಳಿಗಳಿಗೆ ಲೇಸರ್, ಸೂಜಿ ಚಿಕಿತ್ಸೆಗಳಿವೆ. ಅವಕ್ಕೆ ಆತುರವಿಲ್ಲ, ಒಂದು ವರ್ಷ ಬಿಟ್ಟು ಮಾಡಿಸಿದರೂ ನಡೆಯುತ್ತದೆ. ಹಾಲು ಬಿಡಿಸಿದ ಮೇಲೆ ಮತ್ತೆ ಐಸೊಟ್ರೆಟಿನಾಯಿನ್ ಶುರುಮಾಡುವ ಮಾತು ಬಂದರೆ, ಎರಡನೇ ಕೂಸು ಯಾವಾಗ ಎಂಬುದನ್ನು ಗಂಡ ಹೆಂಡತಿ ಇಬ್ಬರೂ ವೈದ್ಯರ ಎದುರೇ ಕೂತು ಮಾತಾಡಿ, ಬಸುರು ತಡೆಯಲು ವಂಕಿಯೋ ಮಾಲಾ ಗುಳಿಗೆಯೋ ಯಾವುದೆಂದು ಗೊತ್ತುಮಾಡಿಕೊಂಡ ಮೇಲೆಯೇ ಚೀಟಿ ಬರೆಸಿಕೊಳ್ಳಬೇಕು.