ಕೋಚ್ ಆದರೂ ಬೆಂಚಿನ ಮೇಲೇ: ಬಕ್ ಓನೀಲ್ ಕಥೆ

ಫ್ಲೋರಿಡಾದ ಸಾರಸೋಟ. ಉರಿಬಿಸಿಲು. ಸೆಲರಿ ಸೊಪ್ಪಿನ ಹೊಲದಲ್ಲಿ ಪೆಟ್ಟಿಗೆ ಹೊರುತ್ತಿರುವ ಹುಡುಗ ಬಕ್ ಓನೀಲ್. ಹುಟ್ಟಿದ್ದು 1911ರಲ್ಲಿ. ಊರಿನ ಹೈಸ್ಕೂಲು ಬಿಳಿಯರಿಗೆ ಮಾತ್ರ. ಬೇಸ್‌ಬಾಲ್‌ನ ಮೇಜರ್ ಲೀಗ್ ಕೂಡ ಆಗ ಅಷ್ಟೇ.

ಹಾಗಾಗಿ ಅವರು ಆಡಿದ್ದು ಕಪ್ಪುವರ್ಣೀಯರ ನೀಗ್ರೋ ಲೀಗ್‌ನಲ್ಲಿ. 1938ರಿಂದ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದಲ್ಲಿ ಫಸ್ಟ್ ಬೇಸ್ ಕಾದರು. ನಡುವೆ ಯುದ್ಧ ಬಂತು, ನೌಕಾಪಡೆಗೆ ಹೋಗಿಬಂದರು. 1948ರಲ್ಲಿ ಅದೇ ತಂಡಕ್ಕೆ ಮ್ಯಾನೇಜರ್. ಮುಂದೆ ದೊಡ್ಡ ಹೆಸರು ಮಾಡಿದ ಎರ್ನಿ ಬ್ಯಾಂಕ್ಸ್ ಪಳಗಿದ್ದು ಇವರ ಕೈಯಲ್ಲೇ.

1962. ಷಿಕಾಗೊ ಕಬ್ಸ್ ತಂಡ ಅವರನ್ನು ಕೋಚ್ ಮಾಡಿತು. ಮೇಜರ್ ಲೀಗ್‌ನ ಮೊದಲ ಕಪ್ಪುವರ್ಣೀಯ ಕೋಚ್!

ಆದರೆ ಇಲ್ಲಿ ಸ್ವಲ್ಪ ನಿಲ್ಲಿ. ಮೊದಲ ಮತ್ತು ಮೂರನೇ ಬೇಸ್ ಪಕ್ಕ ಒಬ್ಬೊಬ್ಬ ಕೋಚ್ ನಿಂತು ಆಟಗಾರನಿಗೆ ಕೈಸನ್ನೆ ಮಾಡ್ತಾರೆ: ಓಡು, ನಿಲ್ಲು, ಜಾರು. ಆ ಜಾಗಕ್ಕೆ ಓನೀಲ್‌ರನ್ನು ಕಳಿಸಲೇ ಇಲ್ಲ. ಅಷ್ಟೆಲ್ಲ ಬಲ್ಲ ಮನುಷ್ಯ ಬೆಂಚಿನ ಮೇಲೇ ಕೂತಿರಬೇಕಾಯ್ತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

2006ರಲ್ಲಿ ಕಪ್ಪುವರ್ಣೀಯರ ಬೇಸ್‌ಬಾಲ್‌ಗೆ ದುಡಿದ 17 ಮಂದಿಯನ್ನು ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಎಲ್ಲರೂ ತೀರಿಹೋಗಿದ್ದವರು. ಬದುಕಿದ್ದ ಓನೀಲ್ ಹೆಸರು ಮಾತ್ರ ಇರಲಿಲ್ಲ. ಆದರೂ 94ರ ಆ ಹಿರಿಯ ಅದೇ ಸಮಾರಂಭಕ್ಕೆ ಬಂದರು. ಆ 17 ಮಂದಿಯ ಪರವಾಗಿ ಮಾತಾಡಿದರು. ನೆರೆದವರಿಗೆಲ್ಲ ಕೈ ಕೈ ಹಿಡಿಸಿ ಹಾಡಿಸಿದರು.

ಆ ಅಕ್ಟೋಬರ್‌ನಲ್ಲೇ ಅವರು ತೀರಿಕೊಂಡರು. ಅವರಿಗೆ ಹಾಲ್ ಆಫ್ ಫೇಮ್‌ನ ಬಾಗಿಲು ತೆರೆದಿದ್ದು 2022ರಲ್ಲಿ.