ನೆರೆಯ ಚರ್ಚಿನಲ್ಲಿ ಆರಾಧನೆ ಏಕೆ ಬೇರೆ?



ಪ್ರತಿವರ್ಷ ಜನವರಿ 18ರಿಂದ ಸಂತ ಪೌಲರ ಮನಪರಿವರ್ತನೆಯ ಹಬ್ಬವಾದ 25ರವರೆಗೆ ನಾವು ಕ್ರೈಸ್ತರ ಐಕ್ಯತೆಗಾಗಿ ಪ್ರಾರ್ಥಿಸುತ್ತೇವೆ. ಈ ಎಂಟು ದಿನಗಳ ಪ್ರಾರ್ಥನೆಯನ್ನು 1908ರಲ್ಲಿ ಆರಂಭಿಸಿದವರು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪೌಲ್ ವ್ಯಾಟ್ಸನ್ ಎಂಬ ಆಂಗ್ಲಿಕನ್ ಗುರುಗಳು. ಮರುವರ್ಷವೇ ಅವರು ತಮ್ಮ ಚಿಕ್ಕ ಸಮುದಾಯದೊಡನೆ ಕಥೋಲಿಕ ಧರ್ಮಸಭೆಗೆ ಬಂದರು. ಈಗ ನಮ್ಮ ಊರುಗಳಲ್ಲಿಯೂ ಒಂದು ಸಂಜೆ ಅವರು ನಮ್ಮ ದೇವಾಲಯಕ್ಕೆ ಬರುವುದು, ಇನ್ನೊಂದು ಸಂಜೆ ನಾವು ಅವರ ಚರ್ಚಿಗೆ ಹೋಗುವುದು ರೂಢಿಯಾಗಿದೆ. ಹೋಗಿ ಬಂದ ಮೇಲೆ ಗುರುಗಳ ಮುಂದೆ ಪ್ರಶ್ನೆಗಳ ಸಾಲು. "ಫಾದರ್, ಅಲ್ಲಿ ಸ್ವರೂಪಗಳೇ ಇಲ್ಲವಲ್ಲ?" "ಅವರ ಕೊಡುವ ರೊಟ್ಟಿಯೂ ಪರಮಪ್ರಸಾದವೇ?" "ನನ್ನ ತಂಗಿ ಮದುವೆಯಾದ ಮನೆಯವರೂ ಪ್ರೊಟೆಸ್ಟಂಟರೇ, ಆದರೆ ಅವರ ಚರ್ಚು ಇದರ ಹಾಗಿಲ್ಲ, ಅಲ್ಲಿ ಗುರುವೇ ಇಲ್ಲ."

ಈ ಮೂರನೆಯ ಪ್ರಶ್ನೆಯಿಂದಲೇ ಹೊರಡೋಣ. 'ಪ್ರೊಟೆಸ್ಟಂಟರು' ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಜರ್ಮನಿಯ ಸ್ಪೈಯರ್ ನಗರದಲ್ಲಿ 1529ರಲ್ಲಿ ಸೇರಿದ ಸಭೆಯ ತೀರ್ಮಾನವನ್ನು ಕೆಲವು ಅರಸರೂ ನಗರಗಳೂ ಪ್ರತಿಭಟಿಸಿದ್ದರಿಂದ ಬಂದ ಹೆಸರು ಅದು. ಆದರೆ ಹೆಸರು ಒಂದಾಯಿತೇ ಹೊರತು ಅವರ ಆರಾಧನೆ ಅಂದೂ ಒಂದಾಗಿರಲಿಲ್ಲ.

ಅದೇ 1529ರ ಅಕ್ಟೋಬರಿನಲ್ಲಿ ಮಾರ್ಬುರ್ಗ್ ಎಂಬಲ್ಲಿ ಮಾರ್ಟಿನ್ ಲೂಥರರೂ ಜ್ಯೂರಿಕ್ ನಗರದ ಉಲ್ರಿಚ್ ಜ್ವಿಂಗ್ಲಿಯವರೂ ಎದುರುಬದುರು ಕುಳಿತು ಹದಿನೈದು ವಿಷಯಗಳನ್ನು ಚರ್ಚಿಸಿದರು. ಹದಿನಾಲ್ಕರಲ್ಲಿ ಒಪ್ಪಿದರು. ಹದಿನೈದನೆಯದರಲ್ಲಿ, ಅಂದರೆ ಕಡೆಯ ಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಪ್ರಭುವಿನ ಶರೀರ ಹಾಗೂ ರಕ್ತ ನಿಜವಾಗಿ ಇವೆಯೇ ಎಂಬುದರಲ್ಲಿ ಮುರಿದುಬಿತ್ತು. ಇವೆ ಎಂದರು ಲೂಥರ್. ಪ್ರಭುವಿನ ಮಾತನ್ನೇ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟುಕೊಂಡು ವಾದಿಸಿದರೆಂದು ಹೇಳುತ್ತಾರೆ. ಅದು ಸ್ಮರಣೆ, ಸಂಕೇತ ಎಂದರು ಜ್ವಿಂಗ್ಲಿ. ಪ್ರೊಟೆಸ್ಟಂಟ್ ಚರ್ಚುಗಳ ಒಳಗೆ ಕಾಲಿಟ್ಟಾಗ ನಮ್ಮ ಕಣ್ಣಿಗೆ ಬೀಳುವ ವ್ಯತ್ಯಾಸಗಳಲ್ಲಿ ಬಹಳಷ್ಟು ಈ ಒಂದು ಪ್ರಶ್ನೆಯ ಬೇರೆ ಬೇರೆ ಉತ್ತರಗಳಿಂದ ಬಂದವು. ಗೋಡೆ, ಪೀಠ, ಬಟ್ಟೆ, ವಾದ್ಯ ಇವೆಲ್ಲ ಆಮೇಲಿನವು.

ಲೂಥರರು 1526ರಲ್ಲಿ ಜರ್ಮನ್ ಭಾಷೆಯ ಪೂಜಾವಿಧಿಯನ್ನು ಪ್ರಕಟಿಸಿದಾಗ ಬಲಿಪೀಠ, ಮೇಣದ ಬತ್ತಿ, ಪೂಜಾವಸ್ತ್ರಗಳನ್ನು ಕಿತ್ತೆಸೆಯಲಿಲ್ಲ. ಪೂಜೆಯು ಬಲಿ ಎಂಬ ಅರ್ಥ ಕೊಡುವ ಪ್ರಾರ್ಥನೆಗಳನ್ನು ತೆಗೆದರು. ಜನರ ಬಾಯಿಗೆ ಹಾಡು ಕೊಟ್ಟರು. ಇಂದಿಗೂ ಲೂಥರನ್ ಚರ್ಚೊಂದಕ್ಕೆ ಹೋದರೆ ನಮಗೆ ಅಷ್ಟೇನೂ ಪರಕೀಯವೆನಿಸದು. ನಮ್ಮ ದೇಶಕ್ಕೆ ಅವರು 1706ರಷ್ಟು ಹಿಂದೆಯೇ ತಮಿಳುನಾಡಿನ ತರಂಗಂಬಾಡಿಗೆ ಬಂದಿದ್ದರು. ಜ್ಯೂರಿಕ್‌ನಲ್ಲಿ ನಡೆದದ್ದು ಬೇರೆ. ಸ್ವರೂಪಗಳು ಹೊರಹೋದವು, ಆರ್ಗನ್ ಮೌನವಾಯಿತು. (ಜ್ವಿಂಗ್ಲಿಯವರು ಸ್ವತಃ ಒಳ್ಳೆಯ ಸಂಗೀತಗಾರರು ಎಂಬುದನ್ನು ನೆನೆದರೆ ಸೋಜಿಗವೆನಿಸುತ್ತದೆ!) 1525ರ ಪವಿತ್ರ ವಾರದಲ್ಲಿ ಮರದ ತಟ್ಟೆ, ಮರದ ಬಟ್ಟಲುಗಳಲ್ಲಿ ರೊಟ್ಟಿ, ದ್ರಾಕ್ಷಾರಸವನ್ನು ಕುಳಿತಿದ್ದ ಜನರ ಬಳಿಗೇ ಒಯ್ದು ಕೊಟ್ಟರು. ವರ್ಷಕ್ಕೆ ನಾಲ್ಕು ಸಲ ಮಾತ್ರ ಭೋಜನ. ಉಳಿದ ಭಾನುವಾರಗಳಲ್ಲಿ ವಾಕ್ಯ ಮತ್ತು ಬೋಧನೆ. ಜಿನೀವಾದ ಕ್ಯಾಲ್ವಿನರು ವಾರವಾರವೂ ಭೋಜನ ಇರಬೇಕೆಂದು ಬಯಸಿದರೂ ನಗರಸಭೆ ಒಪ್ಪಲಿಲ್ಲ, ಅಲ್ಲಿಯೂ ವರ್ಷಕ್ಕೆ ನಾಲ್ಕೇ ಆಯಿತು. ಕೆಲವು ಚರ್ಚುಗಳಲ್ಲಿ ಬಲಿಪೀಠಕ್ಕಿಂತ ಬೋಧನಾ ವೇದಿಕೆ ಎತ್ತರವಾಗಿ, ನಟ್ಟನಡುವೆ ಇರುವುದೇಕೆಂದು ಈಗ ತಿಳಿಯಿತಲ್ಲ?

ಇಂಗ್ಲೆಂಡಿನವರು ನಡುದಾರಿ ಹಿಡಿದರು. 1549ರಲ್ಲಿ ಹೊರಬಂದ ಅವರ ಪ್ರಾರ್ಥನಾ ಪುಸ್ತಕ ಪರಿಷ್ಕಾರಗಳನ್ನು ಕಂಡು 1662ರಲ್ಲಿ ನೆಲೆನಿಂತಿತು. ಮೊಣಕಾಲೂರಿ ಸ್ವೀಕರಿಸುವುದು, ಬಿಷಪ್, ಹಬ್ಬಗಳ ಪಂಚಾಂಗ, ಆಗಮನಕಾಲ, ತಪಸ್ಸುಕಾಲ ಎಲ್ಲವೂ ಆಂಗ್ಲಿಕನರಲ್ಲಿ ಉಳಿದವು. ಅದೇ ಸಭೆಯ ಗುರು ಜಾನ್ ವೆಸ್ಲಿಯವರಿಂದ ಮೆಥೊಡಿಸ್ಟರು ಬಂದರು. ತಮ್ಮ ಚಾರ್ಲ್ಸ್ ವೆಸ್ಲಿ ಆರು ಸಾವಿರಕ್ಕೂ ಹೆಚ್ಚು ಗೀತೆಗಳನ್ನು ಬರೆದರೆಂದ ಮೇಲೆ ಅವರ ಆರಾಧನೆಯ ಜೀವ ಎಲ್ಲಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಲಂಡನ್ ಮಿಷನ್ನಿನವರು 1810ರಲ್ಲಿ ಬಳ್ಳಾರಿಗೆ, ವೆಸ್ಲಿಯನ್ನರು ಮೈಸೂರು ಸೀಮೆಗೆ, ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, ಅಲ್ಲಿಂದ ಧಾರವಾಡ, ಹುಬ್ಬಳ್ಳಿಗಳಿಗೆ ಬಂದರು. ಬಾಸೆಲಿನವರಲ್ಲಿ ಲೂಥರರ ದಾರಿಯವರೂ ಸ್ವಿಟ್ಜರ್ಲೆಂಡಿನ ದಾರಿಯವರೂ ಕೂಡಿಯೇ ಇದ್ದರು. ಸರಳ ಆರಾಧನೆ, ದೀರ್ಘ ಬೋಧನೆ, ಜರ್ಮನ್ ರಾಗಗಳಿಗೆ ಹೊಂದಿಸಿದ ಕನ್ನಡ ಗೀತೆಗಳು ಅವರ ಕೊಡುಗೆ. ನಿಘಂಟಿನ ಕಿಟೆಲ್ ಎಂದೇ ನಾವೆಲ್ಲ ಬಲ್ಲ ಫರ್ಡಿನಾಂಡ್ ಕಿಟೆಲರು ಇವರ ಮಿಷನರಿ. ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡದ ಪದ್ಯದಲ್ಲಿ ಹೇಳುವ 'ಕಥಾಮಾಲೆ'ಯನ್ನು 1862ರಲ್ಲಿಯೇ ಪ್ರಕಟಿಸಿದವರು. ನಮ್ಮ ದೇವಾಲಯಗಳಲ್ಲಿ ಪೂಜೆ ಇನ್ನೂ ಲತೀನ್ ಭಾಷೆಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಇವರು ಕನ್ನಡದಲ್ಲಿ ಹಾಡಿ, ಕನ್ನಡದಲ್ಲಿ ಓದಿ ಆರಾಧಿಸಿದರೆಂಬುದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚ ಬೇಡ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸಂತ ಜಾರ್ಜರ ಕೆಥೆಡ್ರಲ್‌ನಲ್ಲಿ ಆಂಗ್ಲಿಕನರು, ಬ್ರಿಟಿಷ್ ಮೆಥೊಡಿಸ್ಟರು ಮತ್ತು ಅದಾಗಲೇ ತಮ್ಮೊಳಗೆ ಒಂದುಗೂಡಿದ್ದ ದಕ್ಷಿಣ ಭಾರತ ಐಕ್ಯ ಸಭೆಯವರು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆದರು. ನಮ್ಮ ಕರಾವಳಿಯ ಬಾಸೆಲ್ ಸಭೆಗಳು ತರುವಾಯ ಬಂದು ಕೂಡಿಕೊಂಡವು. ಅಮೆರಿಕನ್ ಮೆಥೊಡಿಸ್ಟರು ಸೇರಲಿಲ್ಲ. ಬೀದರ, ಕಲಬುರಗಿ ಕಡೆ ನಾವು ಕಾಣುವ ಮೆಥೊಡಿಸ್ಟ್ ಚರ್ಚುಗಳು ಅವರ ಪರಂಪರೆಯವು. ಆದ್ದರಿಂದ ಎರಡು ಸಿ.ಎಸ್.ಐ. ಚರ್ಚುಗಳು ಒಂದೇ ಬಿಷಪ್ಪರ ಕೆಳಗಿದ್ದರೂ ಒಂದರಂತೆ ಇನ್ನೊಂದು ಕಾಣದಿದ್ದರೆ ಅಚ್ಚರಿಪಡಬೇಡಿ. ಬೆಂಗಳೂರಿನ ಸಂತ ಮಾರ್ಕರ ಕೆಥೆಡ್ರಲ್ ಆಂಗ್ಲಿಕನರದು, ಹಡ್ಸನ್ ಸ್ಮಾರಕ ಚರ್ಚು ವೆಸ್ಲಿಯನ್ನರದು. ಮನೆ ಒಂದಾದರೂ ತವರುಗಳು ಬೇರೆ.

ಬೇರೆ ಬೇರೆ ತವರಿನವರು ಒಟ್ಟಿಗೆ ಆರಾಧಿಸುವುದು ಹೇಗೆ? ಅದಕ್ಕಾಗಿ ಅವರು ಸಿದ್ಧಪಡಿಸಿದ ಪರಿಶುದ್ಧ ಭೋಜನದ ವಿಧಿ 1950ರಲ್ಲಿ ಬಳಕೆಗೆ ಬಂತು. ಅದನ್ನು ಓದಿದ ಕಥೋಲಿಕರಿಗೆ ಬೆರಗಾಗುತ್ತದೆ. ಆರಂಭದಲ್ಲಿ ಬೈಬಲ್ ಗ್ರಂಥವನ್ನು ಮೆರವಣಿಗೆಯಲ್ಲಿ ತರುತ್ತಾರೆ. ಸಭಾಪಾಲಕರು ಮೇಜಿನ ಹಿಂದೆ ಜನರತ್ತ ಮುಖಮಾಡಿ ನಿಲ್ಲುತ್ತಾರೆ. ಹಳೆಯ ಒಡಂಬಡಿಕೆ, ಪತ್ರ, ಶುಭಸಂದೇಶ ಎಂದು ಮೂರು ವಾಚನಗಳು. ನಿಸೇಯ ವಿಶ್ವಾಸ ಸಂಗ್ರಹ. ಕಾಣಿಕೆಯ ಮೊದಲು ಸಮಾಧಾನದ ವಂದನೆ. ಕೊಡುವವರ ಅಂಗೈಯನ್ನು ಪಡೆಯುವವರ ಅಂಗೈಗೆ ಸೇರಿಸಿ ಮುಂದಿನವರಿಗೆ ದಾಟಿಸುವ ಈ ವಂದನೆಯನ್ನು ಅವರು ಕೇರಳದ ಸಿರಿಯನ್ ಕ್ರೈಸ್ತರಿಂದ ಪಡೆದರು. ನಮ್ಮಲ್ಲಿ ಗುರುಗಳು ಜನರತ್ತ ತಿರುಗಿದ್ದು, ಹಳೆಯ ಒಡಂಬಡಿಕೆಯ ವಾಚನ ಭಾನುವಾರದ ಪೂಜೆಗೂ ಬಂದದ್ದು, ಸಮಾಧಾನದ ವಂದನೆ ಜನಸಾಮಾನ್ಯರ ಕೈಗೆ ಸಿಕ್ಕಿದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ, 1960ರ ದಶಕದಲ್ಲಿ. ಅವರು ನಮ್ಮನ್ನು ನೋಡಿ ಕಲಿತರೆಂದು ನಮ್ಮವರು ಕೆಲವರು ಹೇಳುವುದುಂಟು. ವರ್ಷಗಳನ್ನು ಹೋಲಿಸಿದರೆ ಆ ಮಾತು ನಿಲ್ಲುವುದಿಲ್ಲ. ಇಬ್ಬರೂ ಪುರಾತನ ಧರ್ಮಸಭೆಯ ಅದೇ ಬಾವಿಯಿಂದ ನೀರು ಸೇದಿದ್ದೇವೆ.

ಈಗ ಗುರುವೇ ಇಲ್ಲದ ಚರ್ಚು. ಆ ತಂಗಿ ಮದುವೆಯಾದ ಮನೆಯವರು ಬಹುಶಃ ಬ್ರದರನ್ ಸಭೆಯವರು. 1820-30ರ ದಶಕಗಳಲ್ಲಿ ಐರ್ಲೆಂಡಿನ ಡಬ್ಲಿನ್, ಇಂಗ್ಲೆಂಡಿನ ಪ್ಲಿಮತ್ ಊರುಗಳಲ್ಲಿ ಹುಟ್ಟಿದ ಪರಂಪರೆ ಇದು. ಸ್ವರೂಪವಿಲ್ಲ, ಬಲಿಪೀಠವಿಲ್ಲ, ಪೂಜಾವಸ್ತ್ರವಿಲ್ಲ, ಪುಸ್ತಕದ ಪ್ರಾರ್ಥನೆಯೂ ಇಲ್ಲ. ಒಂದು ಮೇಜು, ಅದರ ಮೇಲೆ ಒಂದು ರೊಟ್ಟಿ, ದ್ರಾಕ್ಷಾರಸ. ಸುತ್ತ ಕುಳಿತವರಲ್ಲಿ ಗಂಡಸರು ಒಬ್ಬರಾದ ಮೇಲೊಬ್ಬರು ಎದ್ದು ಪ್ರಾರ್ಥಿಸುತ್ತಾರೆ, ಇಲ್ಲವೇ ಒಂದು ಗೀತೆ ಸೂಚಿಸುತ್ತಾರೆ. ಹೆಂಗಸರು ಸೆರಗು ಹೊದ್ದು ಮೌನವಾಗಿರುತ್ತಾರೆ. ನಡುನಡುವೆ ದೀರ್ಘ ಮೌನ. ಇಷ್ಟು ಬರಿದಾಗಿ ಕಾಣುವ ಇವರು ರೊಟ್ಟಿ ಮುರಿಯುವುದನ್ನು ಮಾತ್ರ ಒಂದು ಭಾನುವಾರವೂ ಬಿಡುವುದಿಲ್ಲ! ಅನೇಕ ಸಿ.ಎಸ್.ಐ. ಚರ್ಚುಗಳಲ್ಲಿ ಭೋಜನ ಸಂಸ್ಕಾರ ತಿಂಗಳಿಗೊಮ್ಮೆ ಇರುತ್ತದೆ. ಹೊರನೋಟಕ್ಕೆ ನಮಗೆ ಅತಿ ದೂರದವರು ಈ ಒಂದು ವಿಷಯದಲ್ಲಿ ಹತ್ತಿರದವರು. ಇದಕ್ಕೆ ತೀರ ವಿರುದ್ಧ ತುದಿಯಲ್ಲಿ ರಕ್ಷಣಾ ಸೈನ್ಯ ಎಂಬ ಸಾಲ್ವೇಶನ್ ಆರ್ಮಿಯವರಿದ್ದಾರೆ. ಅವರಲ್ಲಿ ಭೋಜನವೂ ಇಲ್ಲ, ಜ್ಞಾನಸ್ನಾನವೂ ಇಲ್ಲ.

ಪೆಂತಕೋಸ್ತ್ ಸಭೆಗಳ ವಿಷಯ ನಮ್ಮ ಕುಟುಂಬಗಳಿಗೆ ಇನ್ನೂ ಹತ್ತಿರದ್ದು, ಕೆಲವೊಮ್ಮೆ ನೋವಿನದು. 1906ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಅಜೂಸಾ ಬೀದಿಯಲ್ಲಿ ವಿಲಿಯಂ ಸೇಮೂರ್ ಎಂಬ ಕರಿಯ ಬೋಧಕರ ಪ್ರಾರ್ಥನಾಕೂಟದಿಂದ ಇದು ಜಗತ್ತಿಗೆ ಹಬ್ಬಿತು. ಕೈಯೆತ್ತಿ ಸ್ತುತಿ, ಅನ್ಯಭಾಷೆಯಲ್ಲಿ ಮಾತು, ಸಾಕ್ಷಿ, ರೋಗಿಗಳಿಗಾಗಿ ಪ್ರಾರ್ಥನೆ, ಕೀಬೋರ್ಡು, ಡ್ರಮ್ಮು. ಗದ್ದಲವೆಂದು ಮೂಗು ಮುರಿಯುವ ಮುನ್ನ, 1967ರಲ್ಲಿ ಅಮೆರಿಕದ ಡುಕೇನ್ ಕಥೋಲಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಆರಂಭವಾದ ನಮ್ಮದೇ ವರದಾನ ನವೀಕರಣವನ್ನು ನೆನೆಯಿರಿ. ಧ್ಯಾನಕೂಟಗಳಲ್ಲಿ ನಾವೂ ಕೈಯೆತ್ತುತ್ತೇವೆ. ನಮ್ಮ ಯುವಕರು ಅತ್ತ ಹೋಗುವುದು ವಾದ್ಯಗಳಿಗಾಗಿ ಎಂದು ನನಗನ್ನಿಸುವುದಿಲ್ಲ. ಅಲ್ಲಿ ಯಾರೋ ಅವರ ಹೆಸರು ಕೇಳುತ್ತಾರೆ, ಕೆಲಸ ಸಿಕ್ಕಿತೇ, ಅಮ್ಮನ ಕಾಯಿಲೆ ಹೇಗಿದೆ ಎಂದು ವಿಚಾರಿಸಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಸಾವಿರ ಕುಟುಂಬಗಳ ಧರ್ಮಕೇಂದ್ರದಲ್ಲಿ ಪೂಜೆ ಮುಗಿದೊಡನೆ ಬೈಕು ಹತ್ತುವ ನಾವು ಇದನ್ನು ಯೋಚಿಸಬೇಕು.

ಆದರೆ ಒಂದು ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಅಲ್ಲಿ ಮತ್ತೆ ನೀರಿಗಿಳಿಯಿರಿ ಎಂದರೆ ಇಳಿಯಬೇಡಿ. ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ನೀರಿನಿಂದ ಕೊಟ್ಟ ಜ್ಞಾನಸ್ನಾನ ಒಂದೇ ಸಲ. ಅದನ್ನು ಮತ್ತೆ ಮಾಡಲಾಗದು. ಈ ಮಾತು ಎರಡೂ ಕಡೆ ಸಲ್ಲುತ್ತದೆ: ಸಿ.ಎಸ್.ಐ. ಅಥವಾ ಮೆಥೊಡಿಸ್ಟ್ ಸಭೆಯವರು ನಮ್ಮಲ್ಲಿಗೆ ಬಂದರೆ ನಾವೂ ಅವರಿಗೆ ಹೊಸದಾಗಿ ಜ್ಞಾನಸ್ನಾನ ಕೊಡುವುದಿಲ್ಲ. ತ್ರಿತ್ವದ ಹೆಸರಿಲ್ಲದೆ ಯೇಸುವಿನ ಹೆಸರಿನಲ್ಲಿ ಮಾತ್ರ ಕೊಡುವ ಕೆಲವು ಪೆಂತಕೋಸ್ತ್ ಸಭೆಗಳದು ಬೇರೆ ಮಾತು.

ಹಾಗಾದರೆ ಅವರ ಭೋಜನ? ಮಹಾಸಭೆಯು 1964ರಲ್ಲಿ ಐಕ್ಯತೆಯ ಬಗ್ಗೆ ಹೊರಡಿಸಿದ ಆಜ್ಞಾಪತ್ರದಲ್ಲಿ ಎರಡು ಮಾತುಗಳನ್ನು ಕೂಡಿಯೇ ಹೇಳಿತು. ಗುರುದೀಕ್ಷೆಯ ಸಂಸ್ಕಾರದ ಕೊರತೆಯಿಂದಾಗಿ ಪರಮಪ್ರಸಾದದ ರಹಸ್ಯ ಅವರಲ್ಲಿ ಪೂರ್ಣವಾಗಿ ಉಳಿದಿಲ್ಲ ಎಂಬುದು ಒಂದು. ಹಾಗಿದ್ದರೂ ಪ್ರಭುವಿನ ಮರಣ, ಪುನರುತ್ಥಾನವನ್ನು ಸ್ಮರಿಸುವಾಗ ಅವರು ಕ್ರಿಸ್ತರೊಡನೆ ಬಾಳುವ ಜೀವವನ್ನೇ ಸಾರುತ್ತಾರೆ, ಅವರ ಪುನರಾಗಮನವನ್ನು ಎದುರುನೋಡುತ್ತಾರೆ ಎಂಬುದು ಇನ್ನೊಂದು. ಆದ್ದರಿಂದ ಅಲ್ಲಿ ನಾವು ಸ್ವೀಕರಿಸುವುದಿಲ್ಲ. ನಮ್ಮ ಪೂಜೆಯಲ್ಲಿ, ಮರಣಾಪಾಯದಂಥ ವಿಶೇಷ ಸಂದರ್ಭ ಬಿಟ್ಟರೆ, ಅವರಿಗೆ ಕೊಡುವುದಿಲ್ಲ. ಸ್ವೀಕರಿಸದೆ ತಲೆಬಾಗಿ ಕೂರುವುದು ಅಗೌರವವಲ್ಲ. ಹಾಸ್ಯ ಮಾಡುವುದು ಅಗೌರವ. ಗಂಡ ಒಂದು ಚರ್ಚು, ಹೆಂಡತಿ ಇನ್ನೊಂದು ಚರ್ಚು ಎಂದಿರುವ ಮನೆಗಳಲ್ಲಿ ಪ್ರತಿ ಭಾನುವಾರ ಇದು ಮುಳ್ಳಿನಂತೆ ಚುಚ್ಚುತ್ತದೆ. ಆ ನೋವು ಸುಳ್ಳಲ್ಲ. ಮಾರ್ಬುರ್ಗ್‌ನಲ್ಲಿ ಮುರಿದುಬಿದ್ದ ಹದಿನೈದನೆಯ ವಿಷಯ ನಮ್ಮೂರಿನ ಅಡುಗೆಮನೆಯ ತನಕ ಬಂದು ಕುಳಿತಿದೆ.

ಹೋದಾಗ ಏನು ಮಾಡಬಹುದು? ಹಾಡಿ, ವಾಚನ ಕೇಳಿ, ಅವರೊಡನೆ ಎದ್ದು ನಿಲ್ಲಿ. ನಮ್ಮ ಯೊವಾನ್ನ ಅಲ್ಲಿ ಯೋಹಾನ, ನಮ್ಮ ಸರ್ವೇಶ್ವರ ಅಲ್ಲಿ ಯೆಹೋವ, ಗಾಬರಿಯಾಗಬೇಡಿ. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ನಿಲ್ಲಿಸುವ ಕಡೆ ಅವರು ನಿಲ್ಲಿಸದೆ, ರಾಜ್ಯ, ಬಲ, ಮಹಿಮೆಗಳ ಸ್ತುತಿಯನ್ನೂ ಸೇರಿಸಿ ಹೇಳುತ್ತಾರೆ. ಅದು ನಮಗೆ ಹೊಸದಲ್ಲ. ಪೂಜೆಯಲ್ಲಿ ಗುರುಗಳ ಒಂದು ಪ್ರಾರ್ಥನೆಯ ನಂತರ ನಾವೂ ಅದನ್ನೇ ಹೇಳುತ್ತೇವೆ. ಅವರ ಶವಸಂಸ್ಕಾರದಲ್ಲಿ ತೀರಿಕೊಂಡವರ ಆತ್ಮಕ್ಕಾಗಿ ಪ್ರಾರ್ಥನೆ ಸಾಮಾನ್ಯವಾಗಿ ಇರುವುದಿಲ್ಲ, ಉಳಿದವರ ಸಾಂತ್ವನಕ್ಕಾಗಿ ಇರುತ್ತದೆ. ನೊಂದುಕೊಳ್ಳಬೇಡಿ. ನಿಮ್ಮ ಬೀಗರ ಹೆಸರಿನಲ್ಲಿ ನಮ್ಮ ದೇವಾಲಯದಲ್ಲಿ ಪೂಜೆ ಒಪ್ಪಿಸಲು ಅಡ್ಡಿಯಿಲ್ಲ.

ಕೊನೆಗೆ ಮದುವೆ. ಜ್ಞಾನಸ್ನಾನ ಪಡೆದ ಪ್ರೊಟೆಸ್ಟಂಟರೊಡನೆ ಮದುವೆಗೆ ಧರ್ಮಾಧ್ಯಕ್ಷರ ಅನುಮತಿ ಬೇಕು, ಸಿಗುವಂಥದ್ದೇ. ಮಕ್ಕಳಿಗೆ ಕಥೋಲಿಕ ಜ್ಞಾನಸ್ನಾನ ಕೊಡಿಸಿ ಬೆಳೆಸಲು ಶಕ್ತಿಮೀರಿ ಪ್ರಯತ್ನಿಸುವೆನೆಂದು ಮಾತು ಕೊಡಬೇಕಾದವರು ನಮ್ಮವರು. ಆ ಕಡೆಯವರಿಗೆ ಅದನ್ನು ತಿಳಿಸಿದರೆ ಸಾಕು, ಅವರಿಂದ ಸಹಿ ಪಡೆಯುವ ಹಳೆಯ ಪದ್ಧತಿ 1970ರಲ್ಲೇ ಹೋಯಿತು. ತಕ್ಕ ಕಾರಣವಿದ್ದು ವಿನಾಯಿತಿ ದೊರೆತರೆ ಅವರ ಚರ್ಚಿನಲ್ಲಿಯೇ ಮದುವೆ ನಡೆಯಲೂಬಹುದು. ರಕ್ಷಣಾ ಸೈನ್ಯದ ಮನೆಯವರಾದರೆ ಜ್ಞಾನಸ್ನಾನ ಆಗಿರದಿರಬಹುದು, ಆಗ ಬೇಕಾಗುವ ವಿನಾಯಿತಿಯೇ ಬೇರೆ. ಆದ್ದರಿಂದ ಹುಡುಗ ಅಥವಾ ಹುಡುಗಿ ಯಾವ ಸಭೆಯವರು, ಅವರ ಜ್ಞಾನಸ್ನಾನದ ಪತ್ರ ಎಲ್ಲಿದೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿಗೆ ಹೋಗಿ. ಛತ್ರಕ್ಕೆ ಮುಂಗಡ ಕೊಟ್ಟು, ಲಗ್ನಪತ್ರಿಕೆ ಅಚ್ಚಾದ ಮೇಲೆ ಹೋದರೆ ಧರ್ಮಾಧ್ಯಕ್ಷರ ಕಚೇರಿಯಿಂದ ಪತ್ರ ಬರುವ ತನಕ ಎರಡು ಮನೆಯವರಿಗೂ ನಿದ್ದೆಯಿರುವುದಿಲ್ಲ, ಗುರುಗಳಿಗೂ ಇರುವುದಿಲ್ಲ.